ಸರಿಯಾದ ಹೊತ್ತಿಗೆ ಬಾಗಿಲು ತೆಗೆದವಳು

"ಅಣ್ಣಾ, ಮೂಗನಕೊಪ್ಪಲಿನ ಲೈಬ್ರರಿಗೆ ದಾರಿ ಯಾವುದು?"

ವನಜಾಕ್ಷಮ್ಮ ಹೀಗೆ ಕೇಳುತ್ತಿರುವುದು ನಾಲ್ಕನೇ ಸಲ. ಬಸ್ಸಿಳಿದು ಅರ್ಧ ಗಂಟೆಯಾಗಿತ್ತು. ಅದೇ ನೀರಿನ ಟ್ಯಾಂಕನ್ನು ಎರಡು ಸುತ್ತು ಹಾಕಿದ್ದಾಗಿತ್ತು. ಪಂಕ್ಚರ್ ಹಾಕುತ್ತಿದ್ದವನು ತಲೆ ಎತ್ತಿದ.

"ಲೈಬ್ರರಿನಾ? ನಮ್ಮೂರಲ್ಲಾ? ಏನ್ ಸಿಗ್ತದಕ್ಕಾ ಅಲ್ಲಿ?"

"ಪುಸ್ತಕ."

"ಹಂಗಾದ್ರೆ ಸ್ಕೂಲ್ ಹತ್ರ ಇರಬೇಕು, ನೋಡಿ."

ಊರಿನವರಿಗೇ ಗೊತ್ತಿಲ್ಲದ ಲೈಬ್ರರಿ! ವನಜಾಕ್ಷಮ್ಮನಿಗೆ ಒಳಗೊಳಗೇ ಸ್ವಲ್ಪ ಖುಷಿಯಾಯಿತು. ಸುಳ್ಳೇಕೆ, ಚೆನ್ನಾಗಿಯೇ ಆಯಿತು. ಅವಳು ಹೊಸಕಟ್ಟೆಯ ಲೈಬ್ರರಿ ನೋಡಿಕೊಳ್ಳುವವಳು. ಅಲ್ಲಿ ಸಂಜೆ ಹೊತ್ತು ಕೂರಲು ಜಾಗ ಸಿಗುವುದಿಲ್ಲ. ಮೂರು ವರ್ಷದಿಂದ ತಾಲ್ಲೂಕಿಗೇ ಮೊದಲ ಸ್ಥಾನ. ಹೋದ ವರ್ಷ ತಾಲ್ಲೂಕಿನ ಲೈಬ್ರರಿಯವರ ಸಭೆಯಲ್ಲಿ ಇದೇ ಮೂಗನಕೊಪ್ಪಲಿನ ದೇವೀರಮ್ಮ, ಆಗಷ್ಟೇ ಕೆಲಸಕ್ಕೆ ಸೇರಿದ್ದವಳು, ಪಕ್ಕಕ್ಕೆ ಬಂದು ಕೇಳಿದ್ದಳು: "ಅಕ್ಕಾ, ನಿಮ್ಮಲ್ಲಿಗೆ ಅಷ್ಟು ಜನ ಹೆಂಗೆ ಬರ್ತಾರೆ? ನನಗೂ ಹೇಳ್ಕೊಡಿ."

ಹೇಳಿಕೊಟ್ಟರೆ ಮೊದಲ ಸ್ಥಾನ ಎಲ್ಲಿ ಉಳಿದೀತು? "ಏನಿಲ್ಲ ಕಣಮ್ಮ, ಸರಿಯಾದ ಹೊತ್ತಿಗೆ ಬಾಗಿಲು ತೆಗೀತೀನಿ, ಅಷ್ಟೇ" ಎಂದು ವನಜಾಕ್ಷಮ್ಮ ನಕ್ಕು ಜಾರಿಕೊಂಡಿದ್ದಳು.

ಈಗ ಅವಳೇ ದೇವೀರಮ್ಮನನ್ನು ಹುಡುಕಿಕೊಂಡು ಬರಬೇಕಾಯಿತು. ಹೊಸಕಟ್ಟೆಯ ಲೈಬ್ರರಿಗೆ ಬರುವ ಹುಡುಗಿ ಜುಬೇದಾಗೆ ಹದಿನೈದು ದಿನದಲ್ಲಿ ಹೊಲಿಗೆ ಪರೀಕ್ಷೆ. ಅಳತೆ, ಕತ್ತರಿಸುವ ಬಗೆ ಎಲ್ಲವೂ ಚಿತ್ರದ ಸಮೇತ ಇರುವ ಹಳೆಯ ಪುಸ್ತಕ ಇಡೀ ತಾಲ್ಲೂಕಿನಲ್ಲಿ ಇದ್ದದ್ದು ಒಂದೇ, ಅದೂ ಇಲ್ಲಿ.

ಕೊನೆಗೂ ಶಾಲೆಯ ಹಿಂದುಗಡೆ ಲೈಬ್ರರಿ ಸಿಕ್ಕಿತು. ನೆಲದ ಮೇಲೆ ಒಂದು ಕಡ್ಡಿ ಕಸವಿಲ್ಲ. ಪುಸ್ತಕಗಳು ಪರೇಡಿಗೆ ನಿಂತ ಹಾಗೆ ಸಾಲಾಗಿ ನಿಂತಿದ್ದವು. ಓದುವವರು ಮಾತ್ರ ಒಬ್ಬರೂ ಇಲ್ಲ. ದೇವೀರಮ್ಮ ದಡಕ್ಕನೆ ಎದ್ದಳು.

"ಬನ್ನಿ ಅಕ್ಕಾ, ಬನ್ನಿ! ನೀವು ಹೇಳ್ದಂಗೇ ಮಾಡ್ತಿದೀನಿ. ಬೆಳಿಗ್ಗೆ ಒಂಬತ್ತು ಅಂದ್ರೆ ಒಂಬತ್ತು, ಸಂಜೆ ಮತ್ತೆ ತೆಗೆಯೋದು ನಾಲ್ಕು ಅಂದ್ರೆ ನಾಲ್ಕು. ಜ್ವರ ಬಂದ ದಿನಾನೂ ಒಂದು ನಿಮಿಷ ತಡ ಮಾಡಿಲ್ಲ. ಆದ್ರೂ ಯಾರೂ ಬರಲ್ಲ. ನನ್ನ ಗಡಿಯಾರದಲ್ಲೇ ಏನೋ ತಪ್ಪಿರಬೇಕು."

ಅವಳು ನಗುತ್ತಲೇ ಹೇಳಿದಳು. ವನಜಾಕ್ಷಮ್ಮನಿಗೆ ನಗು ಬರಲಿಲ್ಲ.

ಹೊಲಿಗೆ ಪುಸ್ತಕ ಬೇಕೆಂದದ್ದೇ ತಡ, ದೇವೀರಮ್ಮ ಬೀರುವಿನಿಂದ ತೆಗೆದು, ಧೂಳು ಒರೆಸಿ, ಹಳೇ ಕ್ಯಾಲೆಂಡರಿನ ಹಾಳೆಯಿಂದ ಹೊದಿಕೆ ಹಾಕಿ ಕೊಟ್ಟಳು.

"ಪರೀಕ್ಷೆ ಮುಗಿಯೋ ತನಕ ಇಟ್ಕೊಳ್ಳಲಿ. ಮುಗಿದ ತಕ್ಷಣ ತಂದ್ಬಿಡಿ ಅಕ್ಕಾ. ಈ ತಿಂಗಳು ದಾಟಿದ್ರೆ ಲೈಬ್ರರಿ ಇರುತ್ತೋ ಇಲ್ಲವೋ. ಓದೋರಿಲ್ಲ ಅಂತ ಪಂಚಾಯ್ತಿಯವರು ಈ ಕೋಣೆನ ಗೊಬ್ಬರದ ಗೋದಾಮು ಮಾಡ್ತಾರಂತೆ."

"ಮತ್ತೆ ನೀನು?"

"ನಾನಾ? ಗೊಬ್ಬರದ ಮೂಟೆಗಳಿಗೆ ಅಕ್ಷರ ಕಲಿಸ್ತೀನಿ."

ಐದೂವರೆಗೆ ಕೊನೆಯ ಬಸ್ಸು. ಪುಸ್ತಕ ಚೀಲ ಸೇರಿತ್ತು. ಸುಮ್ಮನೆ ಬಸ್ಸು ಹತ್ತಿದರೆ ಮೊದಲ ಸ್ಥಾನ ಇನ್ನೂ ಹತ್ತು ವರ್ಷ ಅವಳದೇ. ವನಜಾಕ್ಷಮ್ಮ ಹೊಸಿಲಿನ ತನಕ ಹೋದಳು. ಅಲ್ಲೇ ನಿಂತಳು.

"ನಿಮ್ಮೂರ ಡೈರಿಗೆ ಎಷ್ಟೊತ್ತಿಗೆ ಹಾಲು ಹಾಕ್ತಾರೆ?"

"ಐದಕ್ಕೆ. ಯಾಕಕ್ಕಾ, ಕಾಫಿ ಮಾಡಲಾ?"

"ಕಾಫಿ ಆಮೇಲೆ. ಒಂದು ಒಳ್ಳೆ ಕಥೆ ಪುಸ್ತಕ ಹಿಡ್ಕೊಂಡು ನನ್ನ ಜೊತೆ ಬಾ."

ಡೈರಿಯ ಮುಂದೆ ಹೆಂಗಸರು ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರ ಹಾಲೂ ಪರೀಕ್ಷೆಯಾಗಿ ಸಾಲು ಕರಗಲು ಅರ್ಧ ಗಂಟೆ ಬೇಕು. ವನಜಾಕ್ಷಮ್ಮ ಪಕ್ಕದ ಕಲ್ಲಿನ ಮೇಲೆ ಕೂತು ಗಟ್ಟಿಯಾಗಿ ಓದತೊಡಗಿದಳು. ಮೊದಮೊದಲು ಯಾರೂ ತಿರುಗಲಿಲ್ಲ. ಕಥೆಯಲ್ಲಿ ಕಳ್ಳನೊಬ್ಬ ಮನೆಗೆ ನುಗ್ಗಿದ. ಮಾತು ಕಡಿಮೆಯಾಯಿತು. ಕಳ್ಳ ಮಂಚದ ಕೆಳಗೆ ನುಸುಳಿದ. ಮಂಚದ ಮೇಲಿದ್ದ ಮುದುಕಿ ಕೆಮ್ಮಿ ಎದ್ದು ಕೂತಳು. ವನಜಾಕ್ಷಮ್ಮ ಪಟ್ಟನೆ ಪುಸ್ತಕ ಮುಚ್ಚಿದಳು.

"ಅಯ್ಯೋ! ಆಮೇಲೇನಾಯ್ತಮ್ಮಾ?"

"ಆಮೇಲಿಂದು ದೇವೀರಮ್ಮನ ಲೈಬ್ರರೀಲಿ. ಓದೋಕೆ ಬರದಿದ್ರೆ ಅವಳೇ ಓದಿ ಹೇಳ್ತಾಳೆ."

"ಇದ್ಯಾವ ನ್ಯಾಯ? ಮುದುಕಿ ಉಳಿದ್ಲಾ ಇಲ್ವಾ, ಅಷ್ಟಾದ್ರೂ ಹೇಳೇ!"

ಹೇಳಲಿಲ್ಲ. ಆರು ಜನ ಹೆಂಗಸರು ಖಾಲಿ ಕ್ಯಾನು ಹಿಡಿದು ಬೈಯುತ್ತಲೇ ಲೈಬ್ರರಿಯ ಕಡೆ ಹೊರಟರು. ಅಷ್ಟರಲ್ಲಿ ಕೊನೆಯ ಬಸ್ಸು ಹೋಗಿಯಾಗಿತ್ತು.

"ಇದು ಈಗ ಹೊಳೆದಿದ್ದಾ ಅಕ್ಕಾ?" ದೇವೀರಮ್ಮ ದಾರಿಯಲ್ಲಿ ಕೇಳಿದಳು.

"ಇಲ್ಲ. ಮೂರು ವರ್ಷದಿಂದ ನಮ್ಮೂರಲ್ಲಿ ಮಾಡ್ತಿದೀನಿ. ಅವತ್ತು ನೀನು ಕೇಳಿದಾಗ್ಲೇ ಹೇಳಬೇಕಾಗಿತ್ತು. ಬೇಕಂತಲೇ ಬಚ್ಚಿಟ್ಟೆ. ನಿನ್ನ ಆ ಋಣ ನನ್ನ ಮೇಲಿತ್ತು."

ದೇವೀರಮ್ಮ ಬಿರಬಿರನೆ ನಾಲ್ಕು ಹೆಜ್ಜೆ ಮುಂದೆ ನಡೆದಳು. ಅವಳಿಗೆ ಸಿಟ್ಟು ಬಂದಿತ್ತು, ಬರಬೇಕಾದದ್ದೇ. ಆಮೇಲೆ ಹಿಂದಿರುಗಿ ನಿಂತು ಕೇಳಿದಳು: "ಇನ್ನೂ ಏನೇನು ಬಚ್ಚಿಟ್ಟಿದೀರಿ? ಬಸ್ಸಂತೂ ಹೋಯ್ತು. ಇವತ್ತು ನಮ್ಮನೇಲೇ ಊಟ. ಊಟಕ್ಕೆ ಕೂತಾಗ ಎಲ್ಲಾ ಹೇಳ್ಬೇಕು."

ವನಜಾಕ್ಷಮ್ಮ ಹೇಳಿದಳು. ಓದಲು ಬಾರದವರನ್ನು ಹೇಗೆ ಕೂರಿಸುವುದು, ಹರಿದ ಪುಸ್ತಕಕ್ಕೆ ಯಾವ ಅಂಟು ಹಾಕುವುದು, ಇಲ್ಲದ ಪುಸ್ತಕವನ್ನು ಯಾವ ಊರಿನಿಂದ ತರಿಸುವುದು, ಎಲ್ಲವನ್ನೂ. ಅನ್ನ ಆರಿ ತಣ್ಣಗಾದರೂ ನಿಲ್ಲಿಸಲಿಲ್ಲ. ಒಂದನ್ನೂ ತನಗೆಂದು ಉಳಿಸಿಕೊಳ್ಳಲಿಲ್ಲ.

ನೀತಿ: ಪುಸ್ತಕವನ್ನು ಎರವಲು ಕೊಟ್ಟರೆ ಅದು ತಿರುಗಿ ಬರುವ ತನಕ ನಮ್ಮ ಬೀರುವಿನಲ್ಲಿ ಒಂದು ಜಾಗ ಖಾಲಿ. ಕೆಲಸದ ಗುಟ್ಟು ಹೇಳಿಕೊಟ್ಟರೆ ಅಷ್ಟು ಕೂಡ ಖಾಲಿಯಾಗುವುದಿಲ್ಲ. ಗೊತ್ತಿರುವುದನ್ನು ಕೇಳಿದವರಿಗೆ ಪೂರ್ತಿ ಹೇಳಿ, ಕೇಳಿದ ದಿನವೇ ಹೇಳಿ.