ಅಳಿಸಿಹೋದ ನೀಲಿ ಚುಕ್ಕೆ

ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ಮೌನೇಶಪ್ಪ ಎಂಬ ಮೇಸ್ತ್ರಿ ಇದ್ದರು. ರೇಸ್ ಬೈಕಿನ ಎಂಜಿನ್ ಭಾಗಗಳಿಗೆ ಚಳಿಯಿಂದ ಹದ ಕೊಡುವುದು ಅವರ ಕಸುಬು. ದ್ರವ ಸಾರಜನಕದ ಆವಿ ಹಾಯುವ ಪೆಟ್ಟಿಗೆಯಲ್ಲಿ ಉಕ್ಕನ್ನಿಟ್ಟು, ಮೆಲ್ಲಮೆಲ್ಲನೆ ತಣಿಸಿ, ಒಂದು ಹಗಲು ಒಂದು ರಾತ್ರಿ ಹಾಗೇ ಬಿಟ್ಟು, ಅಷ್ಟೇ ಮೆಲ್ಲಗೆ ಮರಳಿ ತರಬೇಕು. ಅವಸರ ಮಾಡಿದರೆ ಉಕ್ಕು ಸೀಳುತ್ತದೆ. ಸರಿಯಾಗಿ ಮಾಡಿದರೆ ಬಾಳಿಕೆ ಬರುತ್ತದೆ. ಒಂದೇ ಪೀಕಲಾಟವೆಂದರೆ, ಹದವಾದ ಉಕ್ಕಿಗೂ ಆಗದ ಉಕ್ಕಿಗೂ ನೋಡಲು ಕೂದಲೆಳೆಯಷ್ಟೂ ವ್ಯತ್ಯಾಸ ಇರುವುದಿಲ್ಲ. ಅದಕ್ಕೇ ಹದವಾದದ್ದರ ಮೇಲೆ ನೀಲಿ ಬಣ್ಣದ ಚುಕ್ಕೆ ಇಡುವುದು ಅಲ್ಲಿನ ರೂಢಿ.

ಅವರ ಶಿಷ್ಯ ಫಕೀರೇಶ. ಕೆಲಸದಲ್ಲಿ ಜಾಣ, ತೊಳೆಯುವುದರಲ್ಲಿ ಅತಿ ಜಾಣ. ಆಯುಧಪೂಜೆಯ ದಿನ ಸ್ಪಾನರ್, ಸುತ್ತಿಗೆಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತಿಕ್ಕಿದ. ಅದೇ ಹುರುಪಿನಲ್ಲಿ ಕಪಾಟಿನಲ್ಲಿದ್ದ ಎರಡು ಕನೆಕ್ಟಿಂಗ್ ರಾಡುಗಳನ್ನೂ ತಿಕ್ಕಿ, ವಿಭೂತಿ ಬಳಿದು, ಚೆಂಡುಹೂ ಏರಿಸಿ ಕೈಮುಗಿದ. ಕಣ್ಣು ತೆರೆದು ರಾಡುಗಳನ್ನು ತಿರುಗಿಸಿ ನೋಡಿದ. ನೀಲಿ ಚುಕ್ಕೆ ಎಲ್ಲಿ?

ಒಂದು ರಾಡು ರೇಸ್ ಬೈಕ್ ಓಡಿಸುವ ರುಕ್ಸಾನಾ ಎಂಬುವಳದು, ಹದವಾದದ್ದು. ಇನ್ನೊಂದು ಅದೇ ಮಾದರಿಯದೇ, ಬೇರೆ ಯಾರದೋ, ಇನ್ನೂ ಹದವಾಗಬೇಕಾದದ್ದು. ಪಿಸ್ಟನ್ನನ್ನು ಹಿಡಿದಿಡುವ ಈ ರಾಡು ರೇಸಿನ ವೇಗದಲ್ಲಿ ಮುರಿದರೆ ಎಂಜಿನ್ ಸಿಡಿಯುತ್ತದೆ. ಓಡಿಸುವವರ ಗತಿ ಹೇಳಬೇಕಾಗಿಲ್ಲ.

ಫಕೀರೇಶನಿಗೆ ಎಡಗಡೆಯದೇ ಅವಳದು ಅನ್ನಿಸಿತು. ನೀರು ಕುಡಿದು ಬಂದ ಮೇಲೆ ಬಲಗಡೆಯದು ಅನ್ನಿಸಿತು. ತೂಗಿದ. ಎರಡೂ ಸಮ. ಬಾರಿಸಿ ಕಿವಿಗೊಟ್ಟ. ಒಂದೇ ನಾದ. ಅಯಸ್ಕಾಂತ ಹಿಡಿದ. ಎರಡೂ ಅಷ್ಟೇ ಪ್ರೀತಿಯಿಂದ ಅಂಟಿಕೊಂಡವು. ಇಷ್ಟೆಲ್ಲ ಆಗುವಷ್ಟರಲ್ಲಿ ಎಡಗಡೆಯದು ಯಾವುದಿತ್ತು ಎಂಬುದೂ ಮರೆತುಹೋಯಿತು!

ಕೊನೆಗೆ ಕುಂಚ ಅದ್ದಿ, ಕೈಗೆ ಸಿಕ್ಕಿದ್ದರ ಮೇಲೆ ಒಂದು ನೀಲಿ ಚುಕ್ಕೆ ಇಟ್ಟುಬಿಟ್ಟ. ವಿಚಿತ್ರ ನೋಡಿ, ಚುಕ್ಕೆ ಒಣಗುತ್ತಿದ್ದಂತೆ ಅದೇ ನಿಜವಾದದ್ದೆಂದು ಅವನಿಗೂ ಅನ್ನಿಸತೊಡಗಿತು.

ಮರುದಿನ ರುಕ್ಸಾನಾ ಬಂದಳು. "ಲಗೂನ ಕೊಡ್ರಿ ಅಣ್ಣಾ. ಇವತ್ತ ಹೊಂಟ್ರಷ್ಟ ರೇಸಿಗೆ ಮುಟ್ಟತೇನಿ." ಫಕೀರೇಶ ಕೊಟ್ಟ ರಾಡನ್ನು ತಿರುಗಿಸಿ ನೋಡಿ ನಕ್ಕಳು. "ನಿಮ್ಮ ಚುಕ್ಕಿ ಇದ್ರ ಸಾಕು. ಹೆದರಿಕಿಲ್ಲದ ಓಡಸ್ತೇನಿ."

ಅವಳು ಗೇಟು ದಾಟುತ್ತಿದ್ದಳು. ಅವಳ ಆ ಕೊನೆಯ ಮಾತು ಫಕೀರೇಶನನ್ನು ನಿಲ್ಲಗೊಡಲಿಲ್ಲ. ಓಡಿಹೋಗಿ ಅಡ್ಡ ನಿಂತ.

"ನಿಲ್ಲವಾ ತಂಗಿ! ಆ ಚುಕ್ಕಿ ನಾ ಅಂದಾಜಿಲೆ ಇಟ್ಟದ್ದು. ಅದು ನಿನ್ನ ರಾಡೋ ಅಲ್ಲೋ, ನನಗ ಗೊತ್ತಿಲ್ಲ."

ರುಕ್ಸಾನಾಳ ಮುಖ ಕೆಂಪೇರಿತು. "ಎರಡ ವರ್ಷ ಕಾದೇನಿ ಈ ರೇಸಿಗೆ!" ಎಂದವಳೇ ಮೇಸ್ತ್ರಿಯ ಬಳಿ ಹೋದಳು. "ಕಾಕಾ, ನೀವರ ನೋಡಿ ಹೇಳ್ರಿ."

ಮೌನೇಶಪ್ಪ ಎರಡನ್ನೂ ಕೈಗೆತ್ತಿಕೊಂಡರು. ಬೆಳಕಿಗೆ ಹಿಡಿದರು, ಸವರಿದರು, ಬಾರಿಸಿದರು. ಗುರುವಿಗಾದರೂ ತಿಳಿದೀತು ಎಂದು ಫಕೀರೇಶ ಅವರ ಕೈಯನ್ನೇ ನೋಡುತ್ತ ನಿಂತಿದ್ದ.

"ನನಗೂ ತಿಳಿಯಂಗಿಲ್ಲವಾ," ಎಂದರು ಮೇಸ್ತ್ರಿ. "ಫಕೀರ್ಯಾ, ಎರಡೂ ಪೆಟ್ಟಿಗ್ಯಾಗ ಇಡು. ಹದಾ ಆದದ್ದಕ್ಕ ಮತ್ತೊಮ್ಮಿ ಹದಾ ಆದ್ರ ಏನೂ ಕೆಡಂಗಿಲ್ಲ."

ರೇಸ್ ತಪ್ಪಿತು. ರುಕ್ಸಾನಾ ಅತ್ತಳು, ಬೈದಳು, ಮಾತು ಬಿಟ್ಟಳು. ಫಕೀರೇಶ ಪೆಟ್ಟಿಗೆಯ ಪಕ್ಕದಿಂದ ಏಳಲೇ ಇಲ್ಲ. ಹದ ಮುಗಿದ ಮೇಲೆ ಎರಡಕ್ಕೂ ಚುಕ್ಕೆ ಇಟ್ಟ. ಅಂದಿನಿಂದ ಚುಕ್ಕೆಯ ಜೊತೆ ಹೆಸರು ಕೊರೆದ ಒಂದು ಬಿಲ್ಲೆಯನ್ನೂ ತಂತಿಯಲ್ಲಿ ಕಟ್ಟುವ ಪದ್ಧತಿ ಶುರುವಾಯಿತು.

ರುಕ್ಸಾನಾ ಒಯ್ಯಲು ಬಂದಾಗ ಚುಕ್ಕೆಯನ್ನು ನೋಡಲಿಲ್ಲ. ಅವನ ಮುಖ ನೋಡಿದಳು.

"ಹದಾ ಆಗೇತೇನ್ರಿ?"

"ಆಗೇತವಾ."

ಮತ್ತೇನೂ ಕೇಳದೆ ರಾಡನ್ನು ಚೀಲಕ್ಕೆ ಹಾಕಿಕೊಂಡಳು. ಮೊದಲು ಹದವಾಗಿದ್ದದ್ದು ಯಾವುದೆಂದು ಫಕೀರೇಶನಿಗೆ ಇವತ್ತಿಗೂ ಗೊತ್ತಿಲ್ಲ.

ನೀತಿ: ಗುರುತು ಇಟ್ಟ ಮಾತ್ರಕ್ಕೆ ಗುಣ ಬರುವುದಿಲ್ಲ. ನಮ್ಮ ಅಂದಾಜನ್ನು ಇನ್ನೊಬ್ಬರ ಜೀವದ ಮೇಲೆ ಓಡಿಸಬಾರದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದುಬಿಡಬೇಕು. ಹಾಗೆ ಹೇಳಬಲ್ಲವನು "ಗೊತ್ತು" ಎಂದಾಗ ಜನ ನಂಬುತ್ತಾರೆ.