ಎಲೆಯ ಮೇಲೆ ಕಣಕಿ

ಹೊಳೆಯ ಈಚೆ ದಡದಲ್ಲಿ ಚಿದಂಬರಜ್ಜನವರ ಆಶ್ರಮ, ಆಚೆ ದಡದಲ್ಲಿ ಇನ್ನೊಂದು. ಎರಡರಲ್ಲೂ ಊರವರಿಗೆ ನಾರುಬೇರಿನ ಔಷಧಿ ಕೊಡುತ್ತಿದ್ದರು. ಈಚೆಯವರು ಔಷಧಿಯನ್ನು ಯಾರಿಗೆ ಕೊಡಬಹುದು ಎಂದು ನೋಡಿ ವಿಂಗಡಿಸುತ್ತಿದ್ದರು, ಆಚೆಯವರು ಅದರ ಗುಣ ನೋಡಿ.

ಎರಡೂ ಆಶ್ರಮಗಳ ಔಷಧಿ ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ ಅಜ್ಜನವರ ಶಿಷ್ಯ ನಿರಂಜನನ ಪಾಲಿಗೆ ಬಂತು. ಆಚೆಯವರ ಯಾವ ವರ್ಗ ಈಚೆಯವರ ಯಾವ ವರ್ಗಕ್ಕೆ ಹೊಂದುತ್ತದೆ ಎಂದು ಅವನು ಬರೆದುಕೊಟ್ಟರೆ ಸಾಕು, ಮಿಕ್ಕಿದ್ದನ್ನು ಯಂತ್ರವೇ ತರ್ಕ ಮಾಡಿ ಹೇಳುತ್ತಿತ್ತು.

ನಿರಂಜನ ಒಳ್ಳೆಯವನು, ಆದರೆ ಆತುರಗಾರ. "ಎಲ್ಲಾ ಒಂದ" ಎಂದು ಬೆಳಬೆಳಗ್ಗೆ ಗುರುಗಳ ಬಾಯಲ್ಲಿ ಕೇಳಿ ಕೇಳಿ ಅವನಿಗೆ ಅದೇ ಗುಂಗು.

ಈಚೆಯವರ 'ಬಾಣಂತಿಯರಿಗೆ ಕೊಡುವವು' ವರ್ಗದಲ್ಲಿದ್ದ ಶುಂಠಿ, ಓಮ, ಹಿಪ್ಪಲಿ ಎಲ್ಲವೂ ಆಚೆಯವರ 'ಉಷ್ಣದವು' ವರ್ಗದಲ್ಲಿ ಸಿಕ್ಕವು. ಖುಷಿಯಾಯಿತು. ಎರಡೂ ವರ್ಗ ಒಂದೇ ಎಂದು ಬರೆದುಬಿಟ್ಟ.

ಮರುದಿನ ಪಾರವ್ವ ಬಂದಳು, ಹಸುಗೂಸಿನ ತಾಯಿ. ಮೈಕೈ ನೋವು ಎಂದಳು. ನಿರಂಜನ ಕಂಪ್ಯೂಟರನ್ನು ಕೇಳಿದ, ಅದು ತೋರಿಸಿದ ಪುಡಿಯನ್ನು ಪೊಟ್ಟಣ ಕಟ್ಟಿ ಕೊಟ್ಟ.

ಮೆಟ್ಟಿಲ ಮೇಲೆ ಎದುರಾದ ಗುರುಗಳು ಪೊಟ್ಟಣ ಬಿಚ್ಚಿ ಮೂಸಿದರು. ಅವರ ಮುಖ ಬಿಳಿಚಿತು.

"ಇದು ಬ್ಯಾಡವ್ವ. ಬ್ಯಾರೇದು ಕೊಡ್ತೀನಿ."

"ಯಾಕ್ರೀ ಅಜ್ಜಾರ, ಅದರಾಗ ಏನೈತ್ರಿ?"

"ಚಿತ್ರಮೂಲ. ಉಷ್ಣ ಖರೆ, ಆದ್ರ ಬಾಣಂತಿಗೆ ಅಲ್ಲ."

ಅವರೇ ಬೇರೆ ಪುಡಿ ಕಟ್ಟಿ ಕಳಿಸಿದರು. ನಿರಂಜನ ಪಟ್ಟಿ ತೆರೆದು ನೋಡಿದ: ಚಿತ್ರಮೂಲ ಆಚೆಯವರ 'ಉಷ್ಣದವು' ವರ್ಗದಲ್ಲಿತ್ತು. ತಾನು ಬರೆದ ಒಂದೇ ಒಂದು ಸಾಲು ಆ ತಾಯಿ ಮಗುವಿನ ಜೀವಕ್ಕೇ ಕುತ್ತು ತರುತ್ತಿತ್ತಲ್ಲ! ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಗುರುಗಳು ಬೈಯಲಿಲ್ಲ.

"ನಡಿ, ಊಟದ ಹೊತ್ತಾತು" ಎಂದರು.

ಅವನ ಎಲೆಗೆ ಅವರೇ ಬಡಿಸಿದರು. ರೊಟ್ಟಿಯನ್ನಲ್ಲ, ಹಸು ಕಪಿಲೆಯ ಮುಂದಿದ್ದ ಒಣ ಜೋಳದ ದಂಟಿನ ಕಣಕಿಯನ್ನು.

"ಉಣ್ಣು."

"ಅಜ್ಜಾರ, ಇದು ಕಪಿಲಿ ಮೇವು!"

"ನಾವು ಏನೇನು ಉಣ್ತೀವಿ, ಹೇಳು."

"ರೊಟ್ಟಿ, ಅನ್ನ, ಬಾಳೆಹಣ್ಣು..."

"ಇದರಾಗ ಕಪಿಲಿ ಯಾವುದು ಬಿಡ್ತಾಳ?"

"ಯಾವುದೂ ಬಿಡಂಗಿಲ್ರಿ. ಬಾಳೆಹಣ್ಣು ಕಂಡ್ರ ಹಗ್ಗಾನ ಹರೀತಾಳ."

"ಅಂದ್ರ ನಮ್ಮ ಊಟ ಎಲ್ಲಾ ಆಕಿ ಮೇವಿನಾಗ ಬಂತು. ಎರಡೂ ಒಂದ ಆತಲ್ಲ? ಉಣ್ಣು ಮತ್ತ."

ನಿರಂಜನನಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು.

"ತಿಳೀತ್ರಿ ಅಜ್ಜಾರ. ನಮ್ಮ ವರ್ಗ ಅವರ ವರ್ಗದ ಒಳಗೈತಿ ಅಂತ ಬರೀಬೇಕಿತ್ತು. ನಾ ಎರಡೂ ಒಂದ ಅಂತ ಬರದುಬಿಟ್ಟೆ. ಎಲ್ಲಾ ಅಳಸಿಬಿಡ್ತೀನ್ರಿ. ಈ ಕೆಲಸ ನನ್ನ ಕೈಲೆ ಆಗೂದಲ್ಲ."

"ಅಳಸಬ್ಯಾಡ, ತಿದ್ದು. ಪಾರವ್ವನಂಥಾಕಿ ನಾಳೆನೂ ಬರ್ತಾಳ."

ನಿರಂಜನ ಕಣ್ಣೊರೆಸಿಕೊಂಡ. ಆದರೂ ಮನಸ್ಸು ಕೇಳಲಿಲ್ಲ.

"ಎಲ್ಲಾ ಒಂದ ಅಂತ ದಿನಾ ನೀವ ಹೇಳ್ತೀರಲ್ರಿ? ಹಂಗಾರ ಅದು ಸುಳ್ಳೇನ್ರಿ?"

ಗುರುಗಳು ಕಣಕಿಯನ್ನು ಬಾಚಿಕೊಂಡು ಹೋಗಿ ಕಪಿಲೆಗೆ ಹಾಕಿದರು. ಕೈತೊಳೆದು ಬಂದು ಅವನ ಎಲೆ ಒರೆಸಿ, ಬಿಸಿ ರೊಟ್ಟಿ ಇಟ್ಟರು. ಆಮೇಲೆ ಅವನ ಪಕ್ಕದಲ್ಲೇ ಕೂತರು.

"ಸುಳ್ಳಲ್ಲೋ ತಮ್ಮಾ, ಖರೇನ. ಆದ್ರ ಬಡಸುವಾಗ, ಎಲೀ ಮುಂದ ಯಾರು ಕುಂತಾರ ನೋಡಿ ಬಡಸು."