ತೊಳೆದ ಮೀಸೆ

"ಗುರುಗಳೇ, ನಮ್ಮಪ್ಪ ಇಪ್ಪತ್ತೆಂಟು ವರ್ಷ ಸೇನೆಯಲ್ಲಿದ್ದವರು. ಈಗ ನಡೆಯುವಾಗ ಕಾಲು ತಡವರಿಸುತ್ತದೆ. ಕೈ ಕೊಟ್ಟರೆ ಕೊಡವಿಬಿಡುತ್ತಾರೆ. ಇಂಥವರನ್ನು ಬೀಳದಂತೆ ಕಾಯುವುದು ಹೇಗೆ?" ಎಂದು ಬಸವಂತನೆಂಬ ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಬ್ಬ ಮುದಿ ಸೈನಿಕನಿದ್ದ. ದಂಡಿನಿಂದ ಮರಳುವಾಗ ಅವನು ತಂದದ್ದು ಎರಡೇ: ಮಂಡಿಯಲ್ಲೊಂದು ಹಳೆಯ ಗಾಯ, ಮುಖದ ಮೇಲೊಂದು ಗಿರಿಜಾಮೀಸೆ. ಗಾಯದ ಮಾತೆತ್ತಿದರೆ ಸಿಡುಕುತ್ತಿದ್ದ, ಮೀಸೆಯ ಮಾತೆತ್ತಿದರೆ ಅರಳುತ್ತಿದ್ದ.

ಹಿತ್ತಲ ಬಾವಿಯ ದಾರಿಯಲ್ಲಿ ಕಲ್ಲುಗಳು ಪಾಚಿಗಟ್ಟಿದ್ದವು. ಸೈನಿಕ ಅಲ್ಲಿ ಆಗಾಗ ಜಾರಿ ಬೀಳುತ್ತಿದ್ದ. ಆದರೇನು, ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿ ಆಸಾಮಿ. ಬಾವಿಕಟ್ಟೆಯಲ್ಲಿ ಮುಖ ತೊಳೆದು, ಮೀಸೆ ತಿರುವಿ, ಏನೂ ಆಗದವನಂತೆ ಒಳಗೆ ಬರುತ್ತಿದ್ದ. ಹೆಂಡತಿಯೇನು ಪೆದ್ದಿಯೇ? ಹೊತ್ತಲ್ಲದ ಹೊತ್ತಿನಲ್ಲಿ ಮೀಸೆ ಒದ್ದೆಯಾಗಿದ್ದರೆ, ಇವತ್ತೂ ಬಿದ್ದರು ಎಂದು ಅವಳಿಗೆ ತಿಳಿಯುತ್ತಿತ್ತು. ಸೊಂಟ ಮುರಿದುಕೊಂಡರೆ ಇವರನ್ನು ಎತ್ತುವ ಶಕ್ತಿ ನನಗೆಲ್ಲಿದೆ ಎಂದು ಜೀವ ಹಿಡಿಯಷ್ಟಾಗುತ್ತಿತ್ತು. ಕೇಳಿದರೆ ಅವನು ನೊಂದಾನೆಂದು ಬಾಯಿ ಬಿಡಲಿಲ್ಲ. ಅವನು ಹಿತ್ತಲಿಗೆ ಹೊರಟಾಗಲೆಲ್ಲ ಸದ್ದಿಲ್ಲದೆ ಹಿಂದೆ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಹಾಗೆ ಹೋಗುವ ಅವಸರದಲ್ಲಿ ಅವಳೇ ಧೊಪ್ಪನೆ ಬಿದ್ದಳು. ಸದ್ದಿಗೆ ಸೈನಿಕ ತಿರುಗಿ ನೋಡಿದ. ಅವಳು ಎದ್ದು ಕೂತು ಸೀರೆಯ ಕೆಸರನ್ನು ಸೆರಗಿನಿಂದ ಮರೆಮಾಡುತ್ತಿದ್ದಳು.

"ಎಷ್ಟು ಸಲ ಹೀಗೆ ಬಿದ್ದಿದ್ದೀಯೆ? ನನ್ನನ್ನ ಕೂಗಬಾರದಾಗಿತ್ತೇ?"

"ಇದು ಮೂರನೇ ಸಲ. ನೀವು ಬಿದ್ದರೆ ಮೀಸೆ ತೊಳೀತೀರಿ. ನನಗೆ ಮೀಸೆ ಎಲ್ಲಿದೆ? ಸೆರಗೇ ಗತಿ."

ಸೈನಿಕ ಪೆಚ್ಚಾದ. ಮರುಗಳಿಗೆಯಲ್ಲೇ ನಗು ತಡೆಯಲಾರದೆ ಹೋದ. ಅವಳೂ ನಕ್ಕಳು. ನಗುವ ಭರದಲ್ಲಿ ಮತ್ತೆಲ್ಲಿ ಬೀಳುತ್ತೇವೋ ಎಂದು ಇಬ್ಬರೂ ಕೈ ಕೈ ಹಿಡಿದುಕೊಂಡರು. ಅಂದೇ ಕಲ್ಲಿನ ಪಾಚಿ ಕೆರೆದು ಮರಳು ಹರಡಿದರು. ಅಲ್ಲಿಂದಾಚೆಗೆ ಬಾವಿಗೆ ಹೊರಟಾಗಲೆಲ್ಲ, "ಬಾ, ನೀನು ಜಾರೀಯೆ" ಎಂದು ಅವನೇ ಕೈ ನೀಡುತ್ತಿದ್ದ. ಅವಳು ಆ ಕೈಯನ್ನು ಭದ್ರವಾಗಿ ಹಿಡಿಯುತ್ತಿದ್ದಳು. ಇಬ್ಬರಲ್ಲಿ ಯಾರೂ ಮತ್ತೆ ಬೀಳಲಿಲ್ಲ.

ಬಸವಂತನ ಮುಖ ಅರಳಿತು. "ತಿಳಿಯಿತು ಗುರುಗಳೇ. ನಾಳೆಯಿಂದ ಅಪ್ಪನ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತೇನೆ" ಎಂದ.

ಗುರುಗಳು ನಕ್ಕರು.

"ಕೈ ಕೊಡುವುದನ್ನು ಚೆನ್ನಾಗಿ ಕಲಿತಿದ್ದೀಯೆ, ಮಗು. ನಿನ್ನ ಆಸರೆಗೆಂದು ಅಪ್ಪನ ಕೈಯನ್ನು ನೀನು ಕೇಳಿ ಎಷ್ಟು ವರ್ಷವಾಯಿತು?"